ಅಧಿಕ ಮಾಸವೂ ಅಧಿಕ ದಿನವೂ: ಕಾಲದ ಲೆಕ್ಕ, ಮನಸ್ಸಿನ ಜಿಗಿತ

2023ನೆಯ ಇಸವಿಯಲ್ಲಿ ಎರಡು ಶ್ರಾವಣಗಳು ಬಂದುದನ್ನು ನಮ್ಮ ಓದುಗ ಬಂಧುಗಳು ಮರೆತಿರಲಾರರು. ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ; ಅದು ಕಳೆದ ಮೇಲೆ ನಿಜ ಶ್ರಾವಣ. ಶ್ರಾವಣ ಸೋಮವಾರವನ್ನು ಯಾವ ತಿಂಗಳಲ್ಲಿ ಹಿಡಿಯಬೇಕು, ಮಠದಲ್ಲಿ ಪುರಾಣ ಎಂದು ಪ್ರಾರಂಭವಾಗುವುದು, ಪಂಚಮಿಗೆ ಮಗಳನ್ನು ತವರಿಗೆ ಎಂದು ಕರೆತರಬೇಕು ಎಂಬ ಪ್ರಶ್ನೆಗಳು ಮನೆಮನೆಯಲ್ಲಿಯೂ ಎದ್ದವು. ನಾಗಪಂಚಮಿಯು ಆಗಸ್ಟ್ 21ಕ್ಕೆ ಬಂದಿತು. ಪ್ರಶ್ನೆಗಳು ತಾವಾಗಿಯೇ ಅಡಗಿದವು.

ಆದರೆ ಅದೇ ತಿಂಗಳಲ್ಲಿ ನಾವು ಬಲ್ಲ ಒಂದು ಮನೆಯಲ್ಲಿ ಹಿರಿಯ ತಾಯಿಯೊಬ್ಬರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು “ಅಧಿಕ ಮಾಸ ಕಳೆಯಲಿ” ಎಂದು ಮುಂದೂಡಲಾಯಿತು. ಆ ತಾಯಿ ಒಂದು ತಿಂಗಳ ಕಾಲ ಗೋಡೆಯನ್ನು ತಡವಿಕೊಂಡು ನಡೆದರು. ಅದನ್ನು ಕಂಡಂದಿನಿಂದ ಈ ಹೆಚ್ಚಿನ ತಿಂಗಳು ಎಲ್ಲಿಂದ ಬಂದಿತು, ಅದರಲ್ಲಿ ಅಂಜತಕ್ಕದ್ದು ಏನಿದೆ ಎಂಬುದನ್ನು ಓದುಗರ ಮುಂದೆ ಇಡಬೇಕೆಂಬ ಆಸೆ ನಮ್ಮಲ್ಲಿ ಉಳಿದುಬಂದಿತ್ತು.

ಹನ್ನೊಂದು ದಿನಗಳ ಸಾಲ

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಇಂತಹ ಹನ್ನೆರಡು ತಿಂಗಳುಗಳು ಕೂಡಿದರೆ 354 ದಿನಗಳಾಗುತ್ತವೆ. ಸೂರ್ಯನ ವರ್ಷಕ್ಕಾದರೋ 365 ದಿನಗಳು ಬೇಕು. ಹೀಗೆ ಚಂದ್ರನ ಲೆಕ್ಕವು ಪ್ರತಿವರ್ಷ ಸೂರ್ಯನಿಗೆ ಸುಮಾರು ಹನ್ನೊಂದು ದಿನಗಳ ಸಾಲಗಾರನಾಗುತ್ತದೆ. ಈ ಸಾಲವನ್ನು ತೀರಿಸದೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಯುಗಾದಿಯು ಚಳಿಗಾಲಕ್ಕೂ ದೀಪಾವಳಿಯು ಮಳೆಗಾಲಕ್ಕೂ ಸರಿಯುತ್ತವೆ.

ಆದುದರಿಂದ ನಮ್ಮ ಪೂರ್ವಿಕರು ಸುಮಾರು 32–33 ತಿಂಗಳಿಗೊಮ್ಮೆ ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸಿದರು. ಯಾವ ಚಾಂದ್ರಮಾಸದಲ್ಲಿ ಸೂರ್ಯನು ಒಂದು ರಾಶಿಯಿಂದ ಇನ್ನೊಂದಕ್ಕೆ ಹೋಗುವ ಸಂಕ್ರಮಣವೇ ಇರುವುದಿಲ್ಲವೋ ಅದು ಅಧಿಕ ಮಾಸ. ಹತ್ತೊಂಬತ್ತು ವರ್ಷಗಳಲ್ಲಿ ಇಂತಹವು ಏಳು. ಬಸವ ಜಯಂತಿಯ ದಿನಾಂಕಗಳನ್ನು ನೋಡಿದರೆ ಇದು ತಾನೇ ತಿಳಿಯುತ್ತದೆ. 2022ರಲ್ಲಿ ಮೇ 3, 2023ರಲ್ಲಿ ಏಪ್ರಿಲ್ 23. ನಡುವೆ ಅಧಿಕ ಶ್ರಾವಣ ಬಂದುದರಿಂದ 2024ರಲ್ಲಿ ಮೇ 10. ಮತ್ತೆ 2025ರಲ್ಲಿ ಏಪ್ರಿಲ್ 30. ವೈಶಾಖ ಶುದ್ಧ ತದಿಗೆ ಬದಲಾಗಿಲ್ಲ. ಸಾಲ ಬೆಳೆದಿದೆ, ತೀರಿದೆ, ಮತ್ತೆ ಬೆಳೆದಿದೆ.

ಹೀಗಿರುವಲ್ಲಿ ಅಧಿಕ ಮಾಸವನ್ನು ಅಶುಭವೆನ್ನುವುದು ಸಾಲ ತೀರಿಸಿದ ದಿನವನ್ನು ಅಶುಭವೆಂದಂತೆ ಅಲ್ಲವೇ?

ತಡಸದ ಹೊಲದಲ್ಲಿ ಮೂರು ಪಂಚಾಂಗ

ಈ ಮಾತನ್ನು ನಮ್ಮ ಒಕ್ಕಲಿಗರು ಯಾರೂ ಹೇಳಿಕೊಡದೆ ಬಲ್ಲರು. ಹುಬ್ಬಳ್ಳಿಯಿಂದ ಶಿಗ್ಗಾವಿಯತ್ತ ಹೆದ್ದಾರಿಯಲ್ಲಿ ಬರುವವರಿಗೆ ತಡಸ ಸಿಗುತ್ತದೆ. ಇಲ್ಲಿಂದ ಮುಂಡಗೋಡಿನ ದಾರಿ ಹಿಡಿದರೆ ಮಲೆನಾಡಿನ ಸೆರಗು; ಇತ್ತ ನೋಡಿದರೆ ಬಯಲುಸೀಮೆ. ಈ ನಡುನಾಡಿನಲ್ಲಿ ಭತ್ತ, ಗೋವಿನಜೋಳ, ಹತ್ತಿ ಎಲ್ಲವೂ ಮಳೆಯ ಕಣ್ಣನ್ನೇ ನೋಡುತ್ತ ಬೆಳೆಯುತ್ತವೆ.

ಇಲ್ಲಿಯ ಒಂದೊಂದು ಮನೆಯಲ್ಲಿಯೂ ಮೂರು ಲೆಕ್ಕಗಳು ಏಕಕಾಲಕ್ಕೆ ನಡೆಯುತ್ತವೆ. ಹಬ್ಬಕ್ಕೆ ತಿಥಿ, ಶಾಲೆ, ಕಚೇರಿ, ಬ್ಯಾಂಕುಗಳಿಗೆ ತಾರೀಖು, ಬಿತ್ತನೆಗೆ ಮಳೆಯ ನಕ್ಷತ್ರ. ರೋಹಿಣಿ, ಮೃಗಶಿರ, ಆರಿದ್ರ ಎಂದು ನಾವು ಕರೆಯುವ ಮಳೆಗಳು ಚಂದ್ರನವಲ್ಲ, ಸೂರ್ಯನವು. ಸೂರ್ಯನು ಆ ನಕ್ಷತ್ರವನ್ನು ಪ್ರವೇಶಿಸಿದಂದಿನಿಂದ ಸುಮಾರು ಹದಿಮೂರು ಹದಿನಾಲ್ಕು ದಿನ ಆ ಮಳೆಯ ಕಾಲ. ಆದುದರಿಂದಲೇ ರೋಹಿಣಿ ಮಳೆ ಪ್ರತಿವರ್ಷ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಸುಮಾರಿಗೆ ತಪ್ಪದೆ ಹೂಡುತ್ತವೆ.

ಕಾರಹುಣ್ಣಿಮೆಯು ಹಾಗಲ್ಲ. ಅದು ಜ್ಯೇಷ್ಠದ ಹುಣ್ಣಿಮೆ. 2025ರಲ್ಲಿ ಜೂನ್ ಎರಡನೆಯ ವಾರದಲ್ಲಿ ಬಂದ ಈ ಹಬ್ಬವು 2026ರ ಲೆಕ್ಕದಲ್ಲಿ ಜೂನ್ ತಿಂಗಳ ಕೊನೆಗೆ ಬೀಳುತ್ತದೆ. ಏಕೆಂದರೆ ಆ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ರೋಹಿಣಿ ಮಳೆಯೂ ಅದರ ಬಿತ್ತನೆಯೂ ಆ ಅಧಿಕ ಮಾಸದೊಳಗೇ ಸೇರಿಹೋಗುತ್ತವೆ. ಹದ ಬಂದ ನೆಲದಲ್ಲಿ ಕೂರಿಗೆ ಹೂಡುವ ರೈತನು ಅಧಿಕ ಮಾಸವೆಂದು ಬೀಜವನ್ನು ಮನೆಯಲ್ಲಿ ಇಟ್ಟುಕೊಳ್ಳುವನೇ? ಇಟ್ಟುಕೊಂಡರೆ ಆ ವರ್ಷ ಉಣ್ಣುವುದೇನು? ಬೀಜಕ್ಕಿಲ್ಲದ ಕೇಡು ಕಣ್ಣಿಲ್ಲದ ತಾಯಿಯ ಚಿಕಿತ್ಸೆಗೆ ಎಲ್ಲಿಂದ ಬಂದೀತು?

ಫೆಬ್ರುವರಿ 29ರ ಕಥೆ

ಪಾಶ್ಚಾತ್ಯರ ಸಾಲವು ಚಿಕ್ಕದು, ಆದರೆ ಅದೂ ಸಾಲವೇ. ಸೂರ್ಯವರ್ಷವು 365 ದಿನ, 5 ಗಂಟೆ, 48 ನಿಮಿಷ, ಸುಮಾರು 45 ಸೆಕೆಂಡು. ಕ್ರಿ. ಪೂ. 46ರಲ್ಲಿ ರೋಮಿನ ಜೂಲಿಯಸ್ ಸೀಸರನು ಉಳಿದುದನ್ನು ಆರು ಗಂಟೆಯೆಂದೇ ಹಿಡಿದು ನಾಲ್ಕು ವರ್ಷಕ್ಕೊಂದು ಹೆಚ್ಚಿನ ದಿನವನ್ನು ಕಟ್ಟಳೆ ಮಾಡಿದನು. ಹನ್ನೊಂದು ನಿಮಿಷಗಳ ಈ ಸಣ್ಣ ತಪ್ಪು ಶತಮಾನಗಳಲ್ಲಿ ಹತ್ತು ದಿನಗಳಾಗಿ ಬೆಳೆಯಿತು. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗೊರಿಯು ಅಕ್ಟೋಬರ್ 4ರ ಮರುದಿನವನ್ನು 15 ಎಂದು ಸಾರಿದನು. ಬ್ರಿಟನ್ ದೇಶವು 1752ರವರೆಗೆ ಒಪ್ಪಲಿಲ್ಲ. ಒಪ್ಪಿದಾಗ ಸೆಪ್ಟೆಂಬರ್ 2ರ ಮರುದಿನ 14 ಆಯಿತು.

ಶತಮಾನದ ವರ್ಷವು 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷವೆಂಬುದು ಅಂದಿನ ತಿದ್ದುಪಡಿ. ಅದರಂತೆ 2000 ಅಧಿಕ ವರ್ಷ. 1900 ಅಲ್ಲ, 2100 ಸಹ ಅಲ್ಲ. ನಮ್ಮ ದೇಶದ ಪ್ರಧಾನಿಗಳಾಗಿದ್ದ ಮೊರಾರ್ಜಿ ದೇಸಾಯಿಯವರು ಹುಟ್ಟಿದ್ದು 1896ರ ಫೆಬ್ರುವರಿ 29ರಂದು. 1900ರಲ್ಲಿ ಆ ದಿನವೇ ಇಲ್ಲದ್ದರಿಂದ ಅವರ ಮೊದಲನೆಯ ಜನ್ಮದಿನವು ಬರಲು 1904ರವರೆಗೆ, ಅಂದರೆ ಎಂಟು ವರ್ಷ, ಕಾಯಬೇಕಾಯಿತು!

ನಮ್ಮ ಪಂಚಾಂಗಕ್ಕೂ ಇಂತಹ ಬಾಕಿ ಉಂಟು. ಸ್ವಾಮಿ ವಿವೇಕಾನಂದರು 1863ರ ಜನವರಿ 12ರಂದು, ಮಕರ ಸಂಕ್ರಾಂತಿಯ ದಿನ ಜನಿಸಿದರು. ಇಂದು ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ಕ್ಕೆ. ನಕ್ಷತ್ರಗಳನ್ನು ಆಧರಿಸಿದ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಹೆಚ್ಚಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ರಂದೇ.

ತಿದ್ದಿಕೊಳ್ಳುವುದು ಅಪಚಾರವಲ್ಲ

ಇಂತಹ ಬಾಕಿಗಳನ್ನು ಕಂಡು ನಮ್ಮ ವಿದ್ವಾಂಸರು ಸುಮ್ಮನಿರಲಿಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಅಧಿಕ ಮಾಸದ ಗಣಿತವಿದೆ. ಅತಿ ವಿರಳವಾಗಿ ಒಂದು ತಿಂಗಳೇ ಲೋಪವಾಗುವ ಕ್ಷಯ ಮಾಸವು 141 ವರ್ಷಕ್ಕೆ, ಕೆಲವೊಮ್ಮೆ 19 ವರ್ಷಕ್ಕೆ ಮರಳುವುದೆಂದು ಅವರು ಹೇಳಿದರು. 1963–64ರಲ್ಲಿ ಬಂದ ಕ್ಷಯ ಮಾಸ ಮತ್ತೆ 1982–83ರಲ್ಲಿ ಬಂದಿತು: ಸರಿಯಾಗಿ 19 ವರ್ಷ!

ಸ್ವಾತಂತ್ರ್ಯಾನಂತರ ಭಾರತ ಸರ್ಕಾರವು 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು 30 ಪಂಚಾಂಗಗಳನ್ನು ಸಮಿತಿ ಪರಿಶೀಲಿಸಿತು. ಅದರ ಫಲವಾಗಿ 1957ರ ಮಾರ್ಚ್ 22ರಂದು ರಾಷ್ಟ್ರೀಯ ಪಂಚಾಂಗವು ಶಕ 1879ರ ಚೈತ್ರ 1ರಿಂದ ಆರಂಭವಾಯಿತು. ಅಧಿಕ ವರ್ಷದಲ್ಲಿ ಇದರ ಚೈತ್ರಕ್ಕೆ 31 ದಿನ. ವರ್ಷಾರಂಭ ಮಾರ್ಚ್ 21ಕ್ಕೆ.

ಭಾಸ್ಕರಾಚಾರ್ಯರು ಆಕಾಶದ ಬಾಕಿಯನ್ನು ಎಣಿಸುತ್ತಿದ್ದ ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಸಮಾಜದ ಬಾಕಿಯನ್ನು ತೀರಿಸಲು ಹೊರಟರು. ದಿನ, ವಾರ, ನಕ್ಷತ್ರಗಳ ಭಯವನ್ನು ಅವರು ತಳ್ಳಿಹಾಕಿದರು. ಕಾಯಕಕ್ಕೂ ಶಿವಧ್ಯಾನಕ್ಕೂ ಎಲ್ಲ ದಿನಗಳೂ ಒಂದೇ ಎಂದರು. ಹರಳಯ್ಯ ಮಧುವರಸರ ಮನೆಗಳು ಬೀಗರಾದುದು ಒಂದು ಜಿಗಿತ. ಅದಕ್ಕೆ ಅವರು ತೆತ್ತ ಬೆಲೆಯನ್ನು ನಾವು ಬಲ್ಲೆವು. ತಡಸವಿರುವ ಶಿಗ್ಗಾವಿ ತಾಲೂಕಿನಲ್ಲಿಯೇ ಬಾಡದ ಕನಕದಾಸರು ಹುಟ್ಟಿದರು. 1819ರಲ್ಲಿ ಶಿಶುನಾಳದ ಷರೀಫರು ಹುಟ್ಟಿ, ಮುಂದೆ ಕಳಸದ ಗೋವಿಂದಭಟ್ಟರನ್ನು ಗುರುವೆಂದರು. ಅವರು ಶಿಷ್ಯನ ಜಾತಿಯನ್ನು ಎಣಿಸಲಿಲ್ಲ, ಇವರು ಗುರುವಿನ ಜಾತಿಯನ್ನು ಎಣಿಸಲಿಲ್ಲ.

ಲೆಕ್ಕ ತಪ್ಪಿದೆಯೆಂದು ತಿಳಿದಾಗ ತಿದ್ದಿಕೊಂಡವರೇ ವಿಜ್ಞಾನವನ್ನೂ ಸಂಸ್ಕೃತಿಯನ್ನೂ ಮುಂದಕ್ಕೆ ನಡೆಸಿದ್ದಾರೆ. ಹಬ್ಬವನ್ನು ನಿಜ ಮಾಸದಲ್ಲಿ ಆಚರಿಸುವುದು ಒಪ್ಪತಕ್ಕದ್ದೇ. ಅದು ಎಲ್ಲರೂ ಕೂಡಿ ನಡೆಯಲೆಂದು ಮಾಡಿಕೊಂಡ ವ್ಯವಸ್ಥೆ. ಅಧಿಕ ಮಾಸದಲ್ಲಿ ಅಳಿಯ ಮಗಳನ್ನು ಕರೆದು ಉಣಬಡಿಸುವ ಮನೆಗಳ ಪ್ರೀತಿಯೂ ಒಳ್ಳೆಯದೇ. ಆದರೆ ರೋಗಿಯ ಔಷಧ, ಮಗುವಿನ ಓದು, ಕೂಡಿಬಂದ ಸಂಬಂಧ ಇವುಗಳನ್ನು ತಿಂಗಳ ಹೆಸರಿಗೆ ಅಂಜಿ ತಡೆಯಬೇಕಾದುದಿಲ್ಲ.

ಆ ತಾಯಿಗೆ ನಿಜ ಶ್ರಾವಣದಲ್ಲಿ ಶಸ್ತ್ರಚಿಕಿತ್ಸೆಯಾಗಿ ದೃಷ್ಟಿ ಮರಳಿತು. ಪಟ್ಟಿ ಬಿಚ್ಚಿದ ದಿನ ಅವರು, “ಇಷ್ಟು ಚೊಲೋ ಕಾಣುವುದಿತ್ತೆಂದರೆ ಒಂದು ತಿಂಗಳು ಯಾಕೆ ಕುಂದ್ರಿಸಿದಿರಪ್ಪಾ?” ಎಂದು ಮಕ್ಕಳನ್ನು ಕೇಳಿದರಂತೆ. ಮುಂದಿನ ಅಧಿಕ ಮಾಸ ಬರುವ ಮುನ್ನ ಈ ಪ್ರಶ್ನೆಯನ್ನು ನಾವೆಲ್ಲರೂ ನಮ್ಮ ನಮ್ಮ ಮನೆಗಳಲ್ಲಿ ಕೇಳಿಕೊಳ್ಳೋಣ.