ಕೊಟ್ಟವರಿಗೆ ಶಿಕ್ಷೆ, ಉಂಡವರಿಗೆ?

ಬೈಲಹೊಂಗಲ, ಸವದತ್ತಿ ಕಡೆಯ ಹಿರಿಯರು ‘ಶೋಷಣೆ’ ಎನ್ನುವುದು ಅಪರೂಪ. ‘ಹಿಂಡಿ ಹಿಪ್ಪಿ ಮಾಡ್ಯಾರ’ ಎಂದರೆ ಅವರಿಗೆ ಸಾಕು. ಶೋಷಣೆ ಭಾಷಣ, ಕರಪತ್ರಗಳ ಪದ. ಮೂಲ ಸಂಸ್ಕೃತದ ‘ಶುಷ್’, ಅಂದರೆ ಒಣಗು. ಇಂಗ್ಲಿಷಿನಲ್ಲಿ ಶೋಷಣೆಗೆ ಹೇಳುವ ‘ಎಕ್ಸ್‌ಪ್ಲಾಯ್ಟೇಷನ್’ ಫ್ರೆಂಚರಲ್ಲಿ ಹೊಲ, ಗಣಿಗಳಿಂದ ಹುಟ್ಟುವಳಿ ತೆಗೆಯುವ ಮಾತಾಗಿತ್ತು. ಮನುಷ್ಯನನ್ನೂ ಹಾಗೆ ದುಡಿಸಿಕೊಳ್ಳುವುದಕ್ಕೆ ಅದನ್ನು ಅನ್ವಯಿಸಿದವರು ಹತ್ತೊಂಬತ್ತನೇ ಶತಮಾನದ ಸಮಾಜವಾದಿಗಳು.

ಪದ ಬರುವ ಮೊದಲೇ ಈ ನೆಲಕ್ಕೆ ಅದರ ಪರಿಚಯವಿತ್ತು. 1824ರಲ್ಲಿ ಕಂಪನಿ ಸರ್ಕಾರ ಕಿತ್ತೂರಿನ ಖಜಾನೆಗೆ ಬೀಗ ಹಾಕಲು ಬಂತು. ರಾಣಿ ಚೆನ್ನಮ್ಮ ಸೆರೆಯಾದ ಮೇಲೂ ಆಕೆಯ ಬಂಟ ಸಂಗೊಳ್ಳಿ ರಾಯಣ್ಣ ಕಂಪನಿಯ ಕಚೇರಿಗಳನ್ನು ಸುಟ್ಟ. 1939ರ ಏಪ್ರಿಲ್‌ನಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ದಂಗೆಯೆದ್ದರು. ಅಲ್ಲೆಲ್ಲ ಎದುರಾಳಿ ಯಾರೆಂದು ಗೊತ್ತಿತ್ತು.

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಎದುರಾಳಿಯನ್ನು ಗುರುತಿಸುವುದು ಅಷ್ಟು ಸಲೀಸಲ್ಲ. ಅಲ್ಲಿ ಮುತ್ತು ಕಟ್ಟುವುದೆಂದರೆ ಹುಡುಗಿಯನ್ನು ದೇವದಾಸಿಯಾಗಿ ದೇವಿಗೆ ಅರ್ಪಿಸಲು ಕೆಂಪು-ಬಿಳಿ ಮಣಿಗಳ ಸರವನ್ನು ಕೊರಳಿಗೆ ಹಾಕುವುದು. ಬಹುಪಾಲು ದಲಿತರ ಮನೆಯ ಹುಡುಗಿಯರು. ದೇವಿಯ ಹೆಸರಿನಲ್ಲಿ ಅವರಿಗೆ ಮದುವೆಯಿರಲಿಲ್ಲ, ಹಕ್ಕಿರಲಿಲ್ಲ; ‘ಇಟ್ಟುಕೊಂಡ’ ಗೌಡ, ಸಾಹುಕಾರನಿಗೆ ಹೊಣೆಯೂ ಇರಲಿಲ್ಲ. ಹುಟ್ಟಿದ ಮಕ್ಕಳು ತಾಯಿಯವೇ. ಗಂಡಸು ತೆಗೆದುಕೊಂಡ, ದೇವಿ ಹೆಸರು ಕೆಡಿಸಿಕೊಂಡಳು.

1982ರ ರಾಜ್ಯ ಕಾಯ್ದೆ ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಅರ್ಪಿಸುವುದನ್ನು ನಿಷೇಧಿಸಿತು. ಪಾಲ್ಗೊಂಡವರಿಗೆ 3 ವರ್ಷದವರೆಗೆ ಸೆರೆ. ತಂದೆ-ತಾಯಿ, ಬಂಧುಗಳಾದರೆ 5 ವರ್ಷದವರೆಗೆ. ಬಡ ತಾಯಿಗೆ ಹೆಚ್ಚು ಶಿಕ್ಷೆ. ವರ್ಷಾನುಗಟ್ಟಲೆ ಆಕೆಯ ಮಗಳನ್ನು ಬಳಸಿಕೊಂಡವನ ಮಾತು ಅದರಲ್ಲಿ ಇರಲಿಲ್ಲ. ಕಾಯ್ದೆ ಬೇಕಿತ್ತು, ಆದರೆ ಅದರ ಕಣ್ಣು ಬಡವರ ಮನೆಯ ಕಡೆಗೇ ಇತ್ತು. ಸರ್ಕಾರದ ಎರಡು ಸಮೀಕ್ಷೆಗಳಲ್ಲಿ ಲೆಕ್ಕಕ್ಕೆ ಸಿಕ್ಕ ದೇವದಾಸಿಯರು 46 ಸಾವಿರಕ್ಕೂ ಹೆಚ್ಚು. ಅಷ್ಟು ಹೆಂಗಸರ ಹಿಂದಿದ್ದ ಗಂಡಸರನ್ನು ಯಾರು ಎಣಿಸಿದರು?

2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಈ ಕೊರತೆಗೆ ಕೈಹಾಕಿದೆ: ಮಕ್ಕಳು ತಂದೆಯನ್ನು ಗುರುತಿಸುವಂತೆ ಕೇಳಬಹುದು, ಆಸ್ತಿಯಲ್ಲಿ ಪಾಲು ಬೇಡಬಹುದು. ಕೇಳಲು ಧೈರ್ಯ ಬೇಕು. ಪಾಲು ಕೇಳಬೇಕಾದದ್ದು ಬಹಳ ಸಲ ಅದೇ ಊರಿನ ದೊಡ್ಡ ಮನೆಯಲ್ಲಿ. ಆದ್ದರಿಂದ ಸವದತ್ತಿ, ರಾಮದುರ್ಗದ ಕಚೇರಿಗಳಲ್ಲಿ ಕುಳಿತವರಲ್ಲಿ ಒಂದು ವಿನಂತಿ: ಅರ್ಜಿ ಹಿಡಿದು ಬಂದವರನ್ನು ಗದರಿಸಿ ಕಳಿಸಬೇಡಿ, ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಡಿ.