ಮೂರು ಊರಲ್ಲಿ ಗಂಟು ಬಿಚ್ಚಿ: ಮಕ್ಕಳ ಜೊತೆ ದಖನ್ನಿಗೊಂದು ರೈಲು ಪ್ರವಾಸ

ರಜೆ ಹತ್ತಿರ ಬಂತೆಂದರೆ ಹೊರನಾಡಿನಲ್ಲಿರುವ ನಮ್ಮ ಮನೆಗಳಲ್ಲಿ ಮಾತು ಎರಡೇ. ಊರಿಗೆ ಹೋಗೋದಾ, ಇಲ್ಲಾ ಎಲ್ಲಾದರೂ ತಿರುಗಾಡೋಕೆ ಹೋಗೋದಾ? ಊರಿಗೆ ಹೋದರೆ ಮದುವೆ, ಅಖೀಖಾ, ನೆಂಟರ ಮನೆಯ ಊಟದಲ್ಲೇ ದಿನಗಳು ಮುಗಿದುಹೋಗುತ್ತವೆ. ತಿರುಗಾಡೋಕೆ ಅಂದರೆ ಗೋವಾ, ಮನಾಲಿ, ಊಟಿ. ಇವೆರಡನ್ನೂ ಬಿಟ್ಟು ಒಂದು ಸಲವಾದರೂ ಮಕ್ಕಳನ್ನು ವಿಜಯಪುರ, ಕಲಬುರಗಿ, ಬೀದರ್, ಹೈದರಾಬಾದ್ ಸಾಲಿನಲ್ಲಿ ರೈಲು ಹತ್ತಿಸಿ ಕರೆದುಕೊಂಡು ಹೋಗಿ ಅನ್ನುವುದು ಈ ಲೇಖನದ ಸಲಹೆ. ಅದನ್ನು ಹೇಗೆ ಯೋಜಿಸಬೇಕು ಅನ್ನುವುದನ್ನೂ ಇಲ್ಲಿ ಬಿಡಿಸಿ ಹೇಳಿದ್ದೇನೆ.

ಯಾಕೆ ಈ ಊರುಗಳೇ? ಮಹಾರಾಷ್ಟ್ರದಲ್ಲಿ ಓದುವ ಮಗುವಿಗೆ ವಿಜಾಪುರದ ಹೆಸರು ಮೊದಲು ಪರಿಚಯವಾಗುವುದು ಶತ್ರುವಿನ ರಾಜಧಾನಿಯಾಗಿ. ದೆಹಲಿಯಲ್ಲಿ ಬೆಳೆದ ಮಗುವಿಗೆ ಮುಸ್ಲಿಂ ಚರಿತ್ರೆಯೆಂದರೆ ಮೊಘಲರು ಮಾತ್ರ. ಚೆನ್ನೈಯಲ್ಲಿ ಬೆಳೆದದ್ದಕ್ಕೆ ಬಹಮನಿ ಅನ್ನುವ ಪದವೇ ಹೊಸದು. ಇನ್ನೊಂದು ಕಡೆ ಕನ್ನಡದ ಚರಿತ್ರೆಯೆಂದರೆ ಬಾದಾಮಿ, ಹಂಪಿ; ಅದು ತನ್ನದಲ್ಲ, ಬೇರೆಯವರದ್ದು ಎಂಬ ಭಾವನೆ ಮಗುವಿನ ಮನಸ್ಸಿನಲ್ಲಿ ಯಾರೂ ಹೇಳಿಕೊಡದೆಯೇ ಕೂತಿರುತ್ತದೆ. ನಾಳೆ ಕಾಲೇಜಿನಲ್ಲೋ ಕಚೇರಿಯಲ್ಲೋ ಯಾರಾದರೂ “ನೀವು ಎಲ್ಲಿಂದ ಬಂದವರು?” ಅಂತ ಕೇಳಿದಾಗ ಅದು ಏನು ಉತ್ತರ ಕೊಡಬೇಕು? ನಾವು ಮನೆಯಲ್ಲಿ ಕೂತು ಹೇಳುವ ಹತ್ತು ಮಾತಿಗಿಂತ ಈ ಊರುಗಳನ್ನು ಕಣ್ಣಾರೆ ನೋಡುವುದು ದೊಡ್ಡದು.

ಲೆಕ್ಕ: ಮೂರು ತಂಗುದಾಣ, ಮೂರು ಹೋಗಿ-ಬರುವ ದಿನ

ಬಹಳ ಜನ ಮಾಡುವುದೇನು? ನೋಡಬೇಕಾದ ಜಾಗಗಳ ಪಟ್ಟಿ ಮಾಡಿ ದಿನಕ್ಕೊಂದು ಊರು, ದಿನಕ್ಕೊಂದು ಲಾಡ್ಜು ಅಂತ ಓಡುತ್ತಾರೆ. ದಿನಾ ಬೆಳಿಗ್ಗೆ ಬ್ಯಾಗು ಕಟ್ಟುವುದು, ರಾತ್ರಿ ಬಿಚ್ಚುವುದು. ನಾಲ್ಕನೇ ದಿನಕ್ಕೆ ಮಕ್ಕಳು ಅಳುತ್ತವೆ, ಹಿರಿಯರ ಮಂಡಿ ಹಿಡಿದುಕೊಳ್ಳುತ್ತದೆ. ಅದರ ಬದಲು ವಿಜಯಪುರ, ಕಲಬುರಗಿ, ಬೀದರ್ ಈ ಮೂರು ಕಡೆ ಎರಡು-ಮೂರು ರಾತ್ರಿ ಉಳಿಯಿರಿ. ಪ್ರತಿ ಊರಿನಿಂದ ಒಂದೊಂದು ದಿನ ಕೈಚೀಲ ಮಾತ್ರ ಹಿಡಿದು ಹತ್ತಿರದ ಇನ್ನೊಂದು ಜಾಗಕ್ಕೆ ಹೋಗಿ ಸಂಜೆಗೆ ವಾಪಸ್ ಬನ್ನಿ: ವಿಜಯಪುರದಿಂದ ಬಾದಾಮಿ, ಕಲಬುರಗಿಯಿಂದ ಮಳಖೇಡ, ಬೀದರ್‌ನಿಂದ ಬಸವಕಲ್ಯಾಣ.

ಈ ಜೋಡಿಗಳನ್ನು ಬೇಕೆಂದೇ ಹೀಗೆ ಇಟ್ಟಿದ್ದೇನೆ. ತಂಗುವ ಊರು ಸುಲ್ತಾನರದ್ದು. ಹೋಗಿ-ಬರುವ ಊರು ಚಾಲುಕ್ಯರದ್ದು, ರಾಷ್ಟ್ರಕೂಟರದ್ದು, ಶರಣರದ್ದು. ಎರಡನ್ನೂ ಒಂದೇ ವಾರದಲ್ಲಿ, ಒಂದೇ ಬಿಸಿಲಲ್ಲಿ, ಒಂದೇ ಜೋಳದ ರೊಟ್ಟಿ ತಿನ್ನುತ್ತಾ ನೋಡಿದ ಮಗುವಿಗೆ ಇದು ನಮ್ಮದು, ಅದು ಅವರದ್ದು ಅಂತ ಗೆರೆ ಎಳೆಯುವುದು ಸುಲಭವಾಗುವುದಿಲ್ಲ.

ಹೊರಡುವುದು ಗುರುವಾರ ರಾತ್ರಿ

ವಾರದ ಲೆಕ್ಕ ಇಲ್ಲಿ ಮುಖ್ಯ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಮತ್ತು ಚೌಮಹಲ್ಲಾ ಅರಮನೆಗೆ ಶುಕ್ರವಾರ ರಜೆ. ಪುರಾತತ್ವ ಇಲಾಖೆಯ ಸ್ಥಳೀಯ ಮ್ಯೂಸಿಯಂಗಳೂ ಶುಕ್ರವಾರ ಮುಚ್ಚಿರುತ್ತವೆ. ಗೋಳಗುಮ್ಮಟದ ಮುಂದಿನ ನಗಾರಖಾನೆಯ ಮ್ಯೂಸಿಯಂ ಕೂಡ ಆ ಇಲಾಖೆಯದ್ದೇ. ಹಾಗಾಗಿ ಗುರುವಾರ ರಾತ್ರಿ ಮುಂಬೈ ಅಥವಾ ಪುಣೆಯಿಂದ ಹೊರಟರೆ ಶುಕ್ರವಾರ ವಿಜಯಪುರ, ಶನಿವಾರ ಬಾದಾಮಿ, ಭಾನುವಾರ ಮಧ್ಯಾಹ್ನದ ಮೇಲೆ ಕಲಬುರಗಿಯ ಕಡೆ. ಸೋಮವಾರ ಕಲಬುರಗಿ, ಮಂಗಳವಾರ ಮಳಖೇಡ. ಬುಧವಾರ ಬೀದರ್, ಗುರುವಾರ ಬಸವಕಲ್ಯಾಣ, ಶುಕ್ರವಾರ ಬೀದರ್‌ನಲ್ಲಿ ಉಳಿದದ್ದನ್ನು ನೋಡಿ ಸಂಜೆ ಹೈದರಾಬಾದಿಗೆ. ಶನಿವಾರ, ಭಾನುವಾರ ಅಲ್ಲಿ ಕಳೆದು ಭಾನುವಾರ ರಾತ್ರಿ ವಾಪಸ್. ಕಚೇರಿಗೆ ಆರು ದಿನ ರಜೆ ಹಾಕಿದರೆ ಸಾಕು.

ಮುಂಬೈ-ಪುಣೆಯವರಿಗೆ ಸೋಲಾಪುರದ ಮೇಲೆ ಗದಗ ಕಡೆಗೆ ಹೋಗುವ ರಾತ್ರಿ ರೈಲು ನೇರ ವಿಜಯಪುರಕ್ಕೇ ಇಳಿಸುತ್ತದೆ. ಅದರಲ್ಲಿ ಸಿಗದಿದ್ದರೆ ಸೋಲಾಪುರದವರೆಗೆ ಬಂದು ರೈಲು ಬದಲಿಸಿ. ದೆಹಲಿಯವರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಸೋಲಾಪುರ, ಕಲಬುರಗಿ ಎರಡರ ಮೇಲೂ ಹಾದುಹೋಗುತ್ತದೆ. ಚೆನ್ನೈನಿಂದ ಮುಂಬೈಗೆ ಹೋಗುವ ಗುಂತಕಲ್-ರಾಯಚೂರು ದಾರಿಯ ರೈಲುಗಳೂ ಹಾಗೆಯೇ. ಹೈದರಾಬಾದಿನವರು ಇಡೀ ಪ್ರವಾಸವನ್ನು ತಿರುಗಿಸಿ ಬೀದರ್‌ನಿಂದ ಶುರುಮಾಡಬಹುದು. ಆಗ ಶುಕ್ರವಾರದ ಲೆಕ್ಕವನ್ನು ಹೊಸದಾಗಿ ಹಾಕಿಕೊಳ್ಳಿ.

ಟಿಕೆಟ್ ವಿಷಯ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ. 2024ರ ನವೆಂಬರ್‌ಗೆ ಮುಂಚೆ 120 ದಿನ ಇತ್ತು. ಇದರಿಂದ ಒಂದು ತೊಡಕು. ಹೋಗುವ ಟಿಕೆಟ್ ಇವತ್ತು ತೆರೆದರೆ ಬರುವ ಟಿಕೆಟ್ ತೆರೆಯುವುದು ಹತ್ತು ದಿನ ಬಿಟ್ಟು. ಎರಡೂ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ರಾತ್ರಿ ಪ್ರಯಾಣದ ಈ ಎರಡು ಟಿಕೆಟ್ ಖಚಿತವಾದರೆ ಉಳಿದದ್ದೆಲ್ಲ ಹಗಲಿನ ಚಿಕ್ಕ ಪ್ರಯಾಣ. ರೈಲು ಸಿಗದಿದ್ದರೆ ಬಸ್ಸಿದೆ. ವೇಟಿಂಗ್ ಲಿಸ್ಟನ್ನು ನಂಬಿ ಹಿರಿಯರನ್ನು ಹೊರಡಿಸಬೇಡಿ. ನಡುವಿನ ಸ್ಟೇಷನ್‌ಗಳಿಂದ ಹತ್ತುವವರಿಗೆ ಸಿಗುವ ಪಿಕ್ಯೂಡಬ್ಲ್ಯೂಎಲ್, ಆರ್‌ಎಲ್‌ಡಬ್ಲ್ಯೂಎಲ್ ಟಿಕೆಟ್‌ಗಳು ಖಚಿತವಾಗುವುದು ಕಡಿಮೆ. ತತ್ಕಾಲ್ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. 45 ದಾಟಿದ ಹೆಂಗಸರಿಗೂ ಹಿರಿಯ ನಾಗರಿಕರಿಗೂ ಕೆಳಗಿನ ಬರ್ತಿನ ಕೋಟಾ ಇದೆ. ಬುಕ್ ಮಾಡುವಾಗ ವಯಸ್ಸನ್ನು ಸರಿಯಾಗಿ ತುಂಬಿ.

ವಿಜಯಪುರ, ಮತ್ತು ಬಾದಾಮಿ

ಗೋಳಗುಮ್ಮಟ ರೈಲ್ವೆ ಸ್ಟೇಷನ್‌ಗೆ ಹತ್ತಿರ. ಬೆಳಿಗ್ಗೆ ತೆರೆಯುತ್ತಿದ್ದಂತೆ ಹೋಗಿ. ಶಾಲಾ ಮಕ್ಕಳ ಬಸ್ಸುಗಳು ಬಂದು ಕೂಗಾಟ ಶುರುವಾದರೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಮಾತು ಕೇಳಿಸುವುದಿಲ್ಲ. ಮೇಲೆ ಹೋಗಲು ಮೂಲೆಯ ಏಳು ಅಂತಸ್ತಿನ ಮಿನಾರಿನೊಳಗಿನ ಕಿರಿದಾದ ಮೆಟ್ಟಿಲೇ ಗತಿ. ಮಂಡಿನೋವಿನವರು ಕೆಳಗಿನ ಹಜಾರದಲ್ಲೇ ಕೂತು ಮೇಲೆ ನೋಡಿದರೂ ಸಾಕು. ಸುಮಾರು 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದು ಕಂಬವಿಲ್ಲ. ಅದರ ಕೆಳಗೆ ಮಲಗಿರುವವನು 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹ್. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15ರ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಶುಕ್ರವಾರದ ನಮಾಜು ಜಾಮಿಯಾ ಮಸೀದಿಯಲ್ಲಿ. 16ನೇ ಶತಮಾನದ್ದು, ಇಂದಿಗೂ ಜಮಾಅತ್ ನಡೆಯುವ ಮಸೀದಿ. ಭಾನುವಾರ ಬೆಳಿಗ್ಗೆ ಮ್ಯೂಸಿಯಂ ಮುಗಿಸಿ ಇಬ್ರಾಹಿಂ ರೋಜಾಕ್ಕೆ ಹೋಗಿ. ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರಿ. ಎರಡನೇ ಇಬ್ರಾಹಿಂ ಆದಿಲ್ ಶಾಹ್ ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಬರೆದವನು. ಸಂಗೀತದ ಆ ಪುಸ್ತಕದಲ್ಲಿ ಸರಸ್ವತಿಯ ಸ್ತುತಿಯಿದೆ, ಬಂದೇ ನವಾಜರ ಸ್ತುತಿಯೂ ಇದೆ. ಜನ ಅವನನ್ನು ಜಗದ್ಗುರು ಅಂತ ಕರೆದರು.

ಹಾಗಂತ ಮಕ್ಕಳಿಗೆ ಬರೀ ಸಿಹಿ ಕಥೆ ಹೇಳಬೇಡಿ. 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರವನ್ನು ಸೋಲಿಸಿದವರಲ್ಲಿ ಈ ಊರಿನ ಸುಲ್ತಾನನೂ ಇದ್ದ. ಹಂಪಿ ಹಾಳಾದದ್ದು ಆಮೇಲೆ. ಅದನ್ನು ಹೇಳಿ. ಜೊತೆಗೇ, 1686ರಲ್ಲಿ ಈ ವಿಜಾಪುರವನ್ನು ಮುತ್ತಿಗೆ ಹಾಕಿ ಮುಗಿಸಿದವನು ಔರಂಗಜೇಬ, ಮರುವರ್ಷ ಗೋಲ್ಕೊಂಡವನ್ನೂ ಅವನೇ ಮುಗಿಸಿದ ಅನ್ನುವುದನ್ನೂ ಹೇಳಿ. ರಾಜರ ಜಗಳ ಯಾವುದಕ್ಕಾಗಿ ನಡೆಯುತ್ತಿತ್ತು ಅನ್ನುವುದನ್ನು ಮಗು ತಾನೇ ಯೋಚಿಸಲಿ.

ಬಾದಾಮಿ ಇದೇ ಗದಗ ಮಾರ್ಗದಲ್ಲಿ, ಬಾಗಲಕೋಟೆ ದಾಟಿದ ಮೇಲೆ. ಬೆಳಗಿನ ರೈಲು ಹಿಡಿಯಿರಿ. ಸ್ಟೇಷನ್ ಊರಿಂದ ಐದು ಕಿಲೋಮೀಟರ್ ದೂರ, ಆಟೋ ಸಿಗುತ್ತದೆ. ಗುಹೆಗಳಲ್ಲಿ ಮೂರನೆಯದರಲ್ಲಿ 578ರ ಶಾಸನವಿದೆ. ಗುಹೆ ಬೆಟ್ಟದ ಬುಡದಲ್ಲೇ ಆದಿಲ್‌ಶಾಹಿ ಕಾಲದ ಗೋರಿಯೂ ಇದೆ. ಬಂಡೆಯ ಮೇಲೆ ಕೆತ್ತಿದ ಕಪ್ಪೆ ಅರಭಟ್ಟನ ಶಾಸನವನ್ನು ಮಾತ್ರ ತಪ್ಪಿಸಬೇಡಿ: ಕನ್ನಡ ತ್ರಿಪದಿಯ ಬಹು ಹಳೆಯ ಮಾದರಿ ಅದು. ಕನ್ನಡ ಓದಲು ಬಾರದ ಮಕ್ಕಳಿಗೆ ಅಕ್ಷರ ಕಲಿಯುವ ಆಸೆ ಹುಟ್ಟಿಸಲು ಇದಕ್ಕಿಂತ ಒಳ್ಳೆ ಜಾಗ ಯಾವುದಿದೆ? ಪಟ್ಟದಕಲ್ಲು, ಐಹೊಳೆಯನ್ನೂ ಅದೇ ದಿನ ತುರುಕಲು ಹೋಗಬೇಡಿ.

ಕಲಬುರಗಿ, ಮತ್ತು ಮಳಖೇಡ

ವಿಜಯಪುರದಿಂದ ಕಲಬುರಗಿಗೆ ರೈಲು ಸೋಲಾಪುರದ ಕಡೆಗೆ ಹೋಟಗಿಯವರೆಗೆ ಬಂದು ಸುತ್ತಿಕೊಂಡು ಹೋಗುತ್ತದೆ. ಸಮಯ ಹೊಂದದಿದ್ದರೆ ಸಿಂದಗಿ-ಜೇವರ್ಗಿ ದಾರಿಯ ಬಸ್ಸೇ ವಾಸಿ. ಒಂದು ಮಾತು: ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ಸು ಉಚಿತ ಅಂತ ಕೇಳಿ ಖುಷಿಪಡಬೇಡಿ. ಶಕ್ತಿ ಯೋಜನೆ ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇದ್ದವರಿಗೆ. ಮುಂಬೈ ವಿಳಾಸದ ಆಧಾರ್ ತೋರಿಸಿದರೆ ಕಂಡಕ್ಟರ್ ಟಿಕೆಟ್ ಹರಿದೇ ಕೊಡುತ್ತಾರೆ, ನೀವು ಎಷ್ಟೇ ಚೆಂದದ ಕನ್ನಡ ಮಾತಾಡಿದರೂ!

ಕಲಬುರಗಿ 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯದ ಮೊದಲ ರಾಜಧಾನಿ. ಕೋಟೆಯೊಳಗಿನ 1367ರ ಮಸೀದಿಗೆ ತೆರೆದ ಅಂಗಳವೇ ಇಲ್ಲ. ಇಡೀ ಕಟ್ಟಡಕ್ಕೆ ಚಿಕ್ಕ ಚಿಕ್ಕ ಗುಮ್ಮಟಗಳ ಛಾವಣಿ. ಅಂಥದ್ದು ಭಾರತದಲ್ಲಿ ಬಲು ಅಪರೂಪ. ಊರಿನ ಇನ್ನೊಂದು ಭಾಗದಲ್ಲಿ ಖ್ವಾಜಾ ಬಂದೇ ನವಾಜ್ ಗೇಸುದರಾಜರ ದರ್ಗಾ. ದೆಹಲಿಯಿಂದ ದಖನ್ನಿಗೆ ಬಂದು 1422ರಲ್ಲಿ ಇಲ್ಲೇ ತೀರಿಕೊಂಡರು. ದರ್ಗಾಕ್ಕೆ ಹೋಗುವ ವಿಷಯದಲ್ಲಿ ನಮ್ಮೊಳಗೇ ಬೇರೆ ಬೇರೆ ಅಭಿಪ್ರಾಯಗಳಿವೆ, ಗೊತ್ತು. ಜಿಯಾರತ್ ಮಾಡುವವರು ಮಾಡಲಿ, ಮಾಡದವರು ಚರಿತ್ರೆಯಾಗಿ ನೋಡಲಿ. ಬಾಗಿಲಲ್ಲಿ ಯಾರೂ ಯಾರ ಜಾತಿ-ಧರ್ಮ ಕೇಳುವುದಿಲ್ಲ, ಅದನ್ನಂತೂ ಮಕ್ಕಳು ನೋಡಬೇಕು. ಉರೂಸು ಜಿಲ್‌ಕಅದ್ ತಿಂಗಳ 15ರಿಂದ. ಆ ದಿನಗಳಲ್ಲಿ ರೈಲು, ಲಾಡ್ಜು ಎರಡೂ ತುಂಬಿರುತ್ತವೆ. ಊಟಕ್ಕೆ ಕಲಬುರಗಿಯ ತಹಾರಿ ಮರೆಯಬೇಡಿ.

ಮಳಖೇಡಕ್ಕೆ ಬಸ್ಸಿನಲ್ಲಿ ಹೋಗಿ, ಸುಮಾರು 40 ಕಿಲೋಮೀಟರ್. ಕಾಗಿಣಾ ನದಿ ದಂಡೆಯ ಕೋಟೆ, ಜೈನ ಬಸದಿ, ಮಠ. ದೊಡ್ಡ ಕಟ್ಟಡಗಳನ್ನು ನಿರೀಕ್ಷಿಸಬೇಡಿ. ಆದರೆ ಇದು ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಅಂತ ಹೇಳಿದ ಪುಸ್ತಕ ಅದು. ಇವತ್ತಿನ ಗಡಿಯ ಆಚೆ ಬದುಕುವ ನಮಗೆ ಆ ಮಾತು ವಿಶೇಷವಾಗಿ ತಟ್ಟುತ್ತದೆ.

ಬೀದರ್, ಮತ್ತು ಬಸವಕಲ್ಯಾಣ

ಕಲಬುರಗಿ-ಬೀದರ್ ರೈಲು ಮಾರ್ಗ ಶುರುವಾದದ್ದು 2017ರಲ್ಲಿ. ರೈಲುಗಳು ಕಡಿಮೆ, ಹಿಂದಿನ ದಿನವೇ ಸಮಯ ನೋಡಿಟ್ಟುಕೊಳ್ಳಿ. ಬೀದರ್‌ನಲ್ಲಿ ಕೋಟೆಗೆ ಅರ್ಧ ದಿನ ಬೇಕು. ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸ ನೋಡಿ. ಊರೊಳಗಿನ ಮಹಮೂದ್ ಗವಾನ್ ಮದರಸಾ 1472ರದ್ದು. ಇರಾನಿನಿಂದ ಬಂದ ಈ ಮಂತ್ರಿ ಕಟ್ಟಿದ್ದು ವಿದ್ಯಾಲಯ. 1481ರಲ್ಲಿ ನಕಲಿ ಪತ್ರವೊಂದನ್ನು ನಂಬಿ ಸುಲ್ತಾನನೇ ಅವನನ್ನು ಕೊಲ್ಲಿಸಿದ. ಸುಳ್ಳು ಸುದ್ದಿ ಜೀವ ತೆಗೆಯುವುದು ಮೊಬೈಲ್ ಕಾಲಕ್ಕೆ ಶುರುವಾದದ್ದಲ್ಲ ಅಂತ ಕಾಲೇಜು ಮಕ್ಕಳಿಗೆ ಅಲ್ಲಿ ನಿಂತು ಹೇಳಬಹುದು.

ಅಷ್ಟೂರಿನ ಗೋರಿಗಳಿಗೆ ಟಾರ್ಚ್ ಹಿಡಿದು ಹೋಗಿ. ಅಹ್ಮದ್ ಶಾಹ್ ವಲಿಯ ಗೋರಿಯ ಒಳಗೋಡೆಯ ಬಣ್ಣಗಳು ಕತ್ತಲಲ್ಲಿ ಕಾಣುವುದಿಲ್ಲ. ಇಲ್ಲಿಯ ಉರೂಸು ನಡೆಯುವುದು ಹೋಳಿಯಾದ ಮೇಲೆ, ಹಿಂದೂ ಪಂಚಾಂಗದ ಲೆಕ್ಕದಲ್ಲಿ. ಕಲಬುರಗಿ ಕಡೆಯಿಂದ ಜಂಗಮರು ಮೆರವಣಿಗೆಯಲ್ಲಿ ಬರುತ್ತಾರೆ. ಮುಸ್ಲಿಮರಿಗೆ ವಲಿಯಾದವನು ಲಿಂಗಾಯತರಿಗೆ ಅಲ್ಲಮಪ್ರಭು. ಬಿದರಿ ಕುಶಲಕರ್ಮಿಗಳ ಅಂಗಡಿಯಲ್ಲೂ ಸ್ವಲ್ಪ ಹೊತ್ತು ನಿಲ್ಲಿ: ಸತುವು-ತಾಮ್ರದ ಪಾತ್ರೆಗೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಕುದಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಬಸವಕಲ್ಯಾಣಕ್ಕೆ ಬೀದರ್‌ನಿಂದ ಬಸ್ಸು. 12ನೇ ಶತಮಾನದಲ್ಲಿ ಶರಣರು ಕೂತು ಮಾತಾಡಿದ ಊರು. ಜಾತಿ ಮೀರಿದ ಮದುವೆಯೊಂದಕ್ಕಾಗಿ ರಕ್ತ ಹರಿದ ಊರೂ ಹೌದೆಂದು ಶರಣ ಪರಂಪರೆ ನೆನೆಯುತ್ತದೆ. ಅಲ್ಲಿ ರಾಜಾ ಬಾಗ್ ಸವಾರರ ದರ್ಗಾವೂ ಇದೆ.

ನಮಾಜು, ಊಟ, ಹವೆ

ಹನಫಿಗಳು ಒಂದೇ ಊರಲ್ಲಿ 15 ದಿನ ಉಳಿಯುವ ನಿಯ್ಯತ್ ಇಲ್ಲದಿದ್ದರೆ ಮುಸಾಫಿರರೇ. ಶಾಫಿಗಳಿಗೆ ಈ ಮಿತಿ ನಾಲ್ಕು ದಿನ. ಈ ಪ್ರವಾಸದಲ್ಲಿ ಇಬ್ಬರಿಗೂ ಕಸ್ರ್ ಸಿಗುತ್ತದೆ. ಎರಡು ನಮಾಜು ಸೇರಿಸುವ ರಿಯಾಯಿತಿ ಶಾಫಿಗಳಲ್ಲಿದೆ, ಹನಫಿಗಳಲ್ಲಿಲ್ಲ. ಊರಿನ ಇಮಾಮರ ಹಿಂದೆ ನಿಂತರೆ ಪೂರ್ತಿ ನಾಲ್ಕು ರಕಅತ್. ಮಿಕ್ಕದ್ದನ್ನು ನಿಮ್ಮ ಆಲಿಮರಲ್ಲಿ ಕೇಳಿಕೊಳ್ಳಿ.

ರೈಲಿನ ಬಿರಿಯಾನಿ ಹಲಾಲೋ ಅಲ್ಲವೋ ಅಂತ ಚಿಂತೆ ಮಾಡುವ ಬದಲು ಮೊದಲ ರಾತ್ರಿಗೆ ಮನೆಯ ಊಟ ಕಟ್ಟಿಕೊಳ್ಳಿ. ಮುಂದಿನ ಪ್ರಯಾಣಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ವಿಜಯಪುರದಲ್ಲೇ ಕೊಳ್ಳಿ, ವಾರ ಕೆಡುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹಿರಿಯರಿದ್ದರೆ ಬೇಡ.

ಕೊನೆಯ ಎರಡು ದಿನ ಹೈದರಾಬಾದ್: ಒಂದು ದಿನ ಗೋಲ್ಕೊಂಡ ಮತ್ತು ಕುತುಬ್‌ಶಾಹಿ ಗೋರಿಗಳು, ಇನ್ನೊಂದು ದಿನ 1591ರ ಚಾರ್ಮಿನಾರ್, ಮಕ್ಕಾ ಮಸೀದಿ, ಸಾಲಾರ್ ಜಂಗ್. ಬೀದಿಯಲ್ಲಿ ಕೇಳುವ ದಖನಿ ಮಕ್ಕಳಿಗೆ ಅಪರಿಚಿತ ಅನ್ನಿಸುವುದಿಲ್ಲ, ಎಷ್ಟೋ ಮನೆಗಳಲ್ಲಿ ನಾನಿ-ದಾದಿಯರು ಆಡುವ ಮಾತೇ ಅದು. ಹೊರಡುವ ರಾತ್ರಿ ಟಿಕೆಟ್‌ನಲ್ಲಿ ಸ್ಟೇಷನ್ ಹೆಸರನ್ನು ಎರಡು ಸಲ ಓದಿ. ನಾಂಪಲ್ಲಿ, ಸಿಕಂದರಾಬಾದ್, ಕಾಚಿಗುಡ, ಚರ್ಲಪಲ್ಲಿ ಎಲ್ಲವೂ ಬೇರೆ ಬೇರೆ ಸ್ಟೇಷನ್; ಒಂದರಿಂದ ಇನ್ನೊಂದಕ್ಕೆ ಓಡುವಷ್ಟರಲ್ಲಿ ರೈಲು ಹೊರಟಿರುತ್ತದೆ.