ಗಣಕದಲ್ಲಿ ಲೆಕ್ಕವಿಡುವವರಿಗೆ ದತ್ತಾಂಶ ನಿಘಂಟು

ದಾಸ್ತಾನು, ಬಿಲ್ಲು, ಬಾಕಿ ವಸೂಲಿಗಳ ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸಿರುವ ಅನೇಕ ಸಣ್ಣ ಉದ್ದಿಮೆಗಳಲ್ಲಿ, ಯಾವ ಅಂಕಣದಲ್ಲಿ ಏನಿದೆ ಎಂಬುದು ತಂತ್ರಾಂಶ ರೂಪಿಸಿದಾತನಿಗೆ ಮಾತ್ರ ತಿಳಿದಿರುತ್ತದೆ. ಆತ ಬೇರೆಡೆಗೆ ಹೊರಟುಹೋದರೆ ಮಾಲೀಕರಲ್ಲಿ ಅಂಕಿಗಳಷ್ಟೇ ಉಳಿಯುತ್ತವೆ. ಅವುಗಳ ಅರ್ಥವನ್ನು ಕಾಯ್ದಿಡುವ ಏರ್ಪಾಡೇ ಡೇಟಾ ಡಿಕ್ಷನರಿ, ಅಂದರೆ ದತ್ತಾಂಶ ನಿಘಂಟು.

ಸಂಬಂಧಾತ್ಮಕ ಡೇಟಾಬೇಸ್‌ನ ಪರಿಕಲ್ಪನೆಯನ್ನು 1970ರಲ್ಲಿ ಮಂಡಿಸಿದ ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಅವರು 1985ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ನಾಲ್ಕನೆಯದು ಇದಕ್ಕೆ ಸಂಬಂಧಿಸಿದ್ದು. ಡೇಟಾಬೇಸ್ ತನ್ನ ವಿವರಣೆಯನ್ನೂ ಇತರ ಮಾಹಿತಿಯಂತೆಯೇ ಕೋಷ್ಟಕಗಳಲ್ಲಿ ಇರಿಸಿಕೊಳ್ಳಬೇಕು. ಅಧಿಕಾರವುಳ್ಳವರು ಅದನ್ನು ಅದೇ ಪ್ರಶ್ನಾಭಾಷೆಯಿಂದ ಓದುವಂತಿರಬೇಕು. ಅದರಂತೆ ಒರೇಕಲ್‌ನಲ್ಲಿ ಡೇಟಾಬೇಸ್ ಸೃಷ್ಟಿಯಾಗುವಾಗಲೇ ನಿಘಂಟಿನ ಮೂಲ ಕೋಷ್ಟಕಗಳು ಸಿದ್ಧವಾಗುತ್ತವೆ. ಮೈಎಸ್‌ಕ್ಯೂಎಲ್ ಮೊದಲು ಈ ವಿವರಗಳಲ್ಲಿ ಹಲವನ್ನು ಬಿಡಿ ಕಡತಗಳಲ್ಲಿ ಇಡುತ್ತಿತ್ತು. 2018ರಲ್ಲಿ ಬಂದ 8.0 ಆವೃತ್ತಿಯಿಂದ ಅವು ಡೇಟಾಬೇಸ್‌ನೊಳಗೇ ಸೇರಿವೆ. ಈ ಮೂಲ ಕೋಷ್ಟಕಗಳನ್ನು ಯಾರೂ ನೇರವಾಗಿ ತಿದ್ದಕೂಡದು.

ಆದರೆ ಯಂತ್ರವು ತಾನಾಗಿ ಬರೆದುಕೊಳ್ಳುವುದು ಅಂಕಣದ ಹೆಸರು, ಬಗೆ, ಅಳತೆ ಮುಂತಾದವನ್ನು ಮಾತ್ರ. 'ದರ' ಎಂದರೆ ತೆರಿಗೆ ಸೇರಿದ್ದೋ, ಸೇರದ್ದೋ? 'ಪ್ರಮಾಣ' ಕಿಲೋಗ್ರಾಮಿನಲ್ಲೋ, ಡಜನ್ನಿನಲ್ಲೋ? ಇದನ್ನು ವ್ಯಾಪಾರ ಬಲ್ಲವರೇ ಹೇಳಬೇಕು. ಒರೇಕಲ್, ಪೋಸ್ಟ್‌ಗ್ರೆಸ್ ಮೊದಲಾದವುಗಳಲ್ಲಿ 'ಕಾಮೆಂಟ್' ಎಂಬ ಆದೇಶದಿಂದ ಇಂತಹ ಟಿಪ್ಪಣಿಯನ್ನು ಆಯಾ ಅಂಕಣಕ್ಕೇ ಅಂಟಿಸಿಡಬಹುದು.

ಎಚ್‌ಎಸ್‌ಎನ್ ಸಂಕೇತವನ್ನೇ ನೋಡಬಹುದು. ಕಾಫಿಯ ಸಂಕೇತ 0901. ಅಂಕಣವನ್ನು 'ಸಂಖ್ಯೆ' ಎಂದು ಘೋಷಿಸಿದರೆ ಮುಂದಿನ ಸೊನ್ನೆ ಉದುರಿ 901 ಉಳಿಯುತ್ತದೆ; ಅದೇ ತಪ್ಪು ಬಿಲ್ಲಿಗೂ ಜಿಎಸ್‌ಟಿ ವಿವರಪಟ್ಟಿಗೂ ಹರಿಯುತ್ತದೆ. ಆದ್ದರಿಂದ ಅದು ಅಕ್ಷರರೂಪದಲ್ಲಿಯೇ ಇರಬೇಕು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು 2021ರ ಏಪ್ರಿಲ್ 1ರಿಂದ 6 ಅಂಕೆಗಳ ಸಂಕೇತ ನಮೂದಿಸಬೇಕಾಗಿ ಬಂದಾಗ, ಅಂಕಣವನ್ನು 4 ಅಕ್ಷರಕ್ಕೆ ಸೀಮಿತಗೊಳಿಸಿದ್ದವರು ಅದನ್ನು ಹಿಗ್ಗಿಸದೆ ವಿಧಿಯಿರಲಿಲ್ಲ. ಆರಂಭದಲ್ಲಿಯೇ 8 ಅಕ್ಷರಗಳಿಗೆ ಜಾಗವಿಡುವುದಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ. ಜಿಎಸ್‌ಟಿ ನೋಂದಣಿ ಸಂಖ್ಯೆಯದು 15 ಅಕ್ಷರ. ಮೊದಲೆರಡು ರಾಜ್ಯದ ಸಂಕೇತ (ಕರ್ನಾಟಕಕ್ಕೆ 29), ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಇಷ್ಟನ್ನು ನಿಘಂಟಿನಲ್ಲಿ ಬರೆದಿಟ್ಟರೆ ನೋಂದಾಯಿತ ಗ್ರಾಹಕರ ಪ್ಯಾನನ್ನು ಮತ್ತೊಮ್ಮೆ ಟೈಪು ಮಾಡುವ ಶ್ರಮವೂ ತಪ್ಪುತ್ತದೆ.

ಈ ಟಿಪ್ಪಣಿಗಳನ್ನು ಗುಮಾಸ್ತರೂ ಲೆಕ್ಕಿಗರೂ ಪ್ರೋಗ್ರಾಂ ಬರೆಯುವವರ ಜೊತೆ ಕುಳಿತು, ಕೋಷ್ಟಕಗಳು ತುಂಬುವ ಮೊದಲೇ ಸಿದ್ಧಪಡಿಸುವುದು ಲೇಸು. ತಂತ್ರಾಂಶದ ಕೊನೆಯ ಕಂತನ್ನು ಪಾವತಿಸುವ ಮುನ್ನ ನಿಘಂಟಿನ ಮುದ್ರಿತ ಪ್ರತಿಯೊಂದನ್ನು ಕೇಳಿ ಪಡೆಯತಕ್ಕದ್ದು.